ಯಾವ ಸ್ಕ್ರೂ ತಿರುಗಿಸಬೇಕು ಎಂದು ಕೇಳುವವರಿಗೆ

ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಜಿಂಕೆ ಬೇಟೆ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಶುರುವಾಗಿ 9 ದಿನ ನಡೆಯುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ನಾನು ಎಲ್ಲಿ ಸಿಕ್ಕರೂ, ಕನ್ನಡ ಸಂಘದ ಊಟದ ಸಾಲಿನಲ್ಲಿ ಕೂಡ, ಯಾರಾದರೂ ಪಕ್ಕಕ್ಕೆ ಕರೆದು ಕೇಳುತ್ತಾರೆ: "ಅಣ್ಣಾ, ರೈಫಲ್‌ಗೆ ಹೊಸ ಟ್ರಿಗರ್ ಹಾಕಿದ್ದೇನೆ. ಬೋಲ್ಟ್ ಮುಚ್ಚಿದರೆ ಕಾಕ್ ಆಗಿ ನಿಲ್ಲುತ್ತಿಲ್ಲ. ಯಾವ ಸ್ಕ್ರೂ ತಿರುಗಿಸಬೇಕು?" ಬೋಲ್ಟ್ ಎಂದರೆ ತೋಟಾವನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಭಾಗ. ಅದನ್ನು ಮುಚ್ಚಿದಾಗ ಒಳಗಿನ ಸ್ಪ್ರಿಂಗ್ ಬಿಗಿದು, ಟ್ರಿಗರ್ ಎಳೆಯುವವರೆಗೆ ಹಾಗೆಯೇ ನಿಲ್ಲುವುದೇ ಕಾಕ್.

ಯಾವುದನ್ನೂ ತಿರುಗಿಸಬೇಡಿ. ಬೋಲ್ಟನ್ನು ಹೊರಗೆ ತೆಗೆದಿಡಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಆಮೇಲೆ ಮಾತನಾಡೋಣ.

ಕೆಲವರಿಗೆ ಈ ಉತ್ತರ ಹಿಡಿಸುವುದಿಲ್ಲ. ಗುಟ್ಟು ಬಿಟ್ಟುಕೊಡುತ್ತಿಲ್ಲವೆಂದು ಮುಖ ಗಂಟಿಕ್ಕುತ್ತಾರೆ. ಇದರಲ್ಲಿ ಗುಟ್ಟೇನಿದೆ? ತೋಟಾದ ಹಿಂಬದಿಗೆ ಬಡಿದು ಈಡು ಹಾರಿಸುವ ಫೈರಿಂಗ್ ಪಿನ್‌ನ ಹಿಂತುದಿಯಲ್ಲಿ ಕಾಕಿಂಗ್ ಪೀಸ್ ಎಂಬ ತುಂಡು ಇರುತ್ತದೆ. ಬೋಲ್ಟ್ ಮುಂದಕ್ಕೆ ಹೋಗಿ ಮುಚ್ಚಿಕೊಳ್ಳುವಾಗ ಅದನ್ನು ಸಿಯರ್ ಎಂಬ ಸಣ್ಣ ಉಕ್ಕಿನ ಕೊಂಡಿ ತಡೆದು ಹಿಡಿಯಬೇಕು, ಸಿಯರ್ ಕುಸಿಯದಂತೆ ಟ್ರಿಗರ್ ಕೆಳಗಿನಿಂದ ಆನಿಕೆ ಕೊಡಬೇಕು. ಅನೇಕ ರೈಫಲ್‌ಗಳಲ್ಲಿ ಸಿಯರ್ ಮತ್ತು ಟ್ರಿಗರ್‌ನ ಉಕ್ಕಿನ ಅಂಚುಗಳು ಒಂದರ ಮೇಲೊಂದು ಕೂರುವುದು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ. ಇಡೀ ಸುರಕ್ಷತೆ ನಿಂತಿರುವುದು ಅಷ್ಟರ ಮೇಲೆ. ಆ ಹಿಡಿತ ತಪ್ಪಿದರೆ ಬೋಲ್ಟ್‌ನ ಜೊತೆಯಲ್ಲೇ ಫೈರಿಂಗ್ ಪಿನ್ನೂ ಮುಂದಕ್ಕೆ ಜಾರುತ್ತದೆ. ನಳಿಗೆಯಲ್ಲಿ ತೋಟಾ ಇದ್ದರೆ, ಯಾರೂ ಟ್ರಿಗರ್ ಮುಟ್ಟದೆ ಈಡು ಹಾರಬಹುದು.

ಹಿಡಿತ ತಪ್ಪಲು ಕಾರಣಗಳು ಹಲವು. ಸಿಯರ್ ಹಿಡಿತದ ಸ್ಕ್ರೂವನ್ನು ಅತಿಯಾಗಿ ತಿರುಗಿಸಿರಬಹುದು. ಟ್ರಿಗರ್ ಎಳೆತ ಹಗುರವಾಗಲೆಂದು ಸ್ಪ್ರಿಂಗನ್ನು ಸಡಿಲಿಸಿರುವುದರಿಂದ ಟ್ರಿಗರ್ ತನ್ನ ಜಾಗಕ್ಕೆ ಮರಳುತ್ತಿಲ್ಲದಿರಬಹುದು. ಹಳೆಯ ಎಣ್ಣೆ ಚಳಿಗೆ ಮಂದವಾಗಿರಬಹುದು. ಬೇರೆ ರೈಫಲ್‌ನ ಬೋಲ್ಟ್ ಹಾಕಿದ್ದರೆ ಅದರ ಕಾಕಿಂಗ್ ಪೀಸ್‌ನ ಎತ್ತರವೋ ಕೋನವೋ ಈ ಸಿಯರ್‌ಗೆ ಒಗ್ಗದಿರಬಹುದು. ಇಷ್ಟರಲ್ಲಿ ಯಾವುದು ಎಂದು ರೈಫಲ್ ನೋಡದೆ, ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ನಾನು ಹೇಗೆ ಹೇಳಲಿ?

ಒಬ್ಬ ಯುವ ಮಿತ್ರರಿಗೆ ಇದನ್ನು ಅರ್ಥ ಮಾಡಿಸಲು ಹೋಗಿ ನನ್ನ ತಾಳ್ಮೆಯೇ ಮುಗಿದಿತ್ತು. "ಏನೇನು ಬದಲಿಸಿದ್ದೀರಿ?" ಎಂದರೆ "ಟ್ರಿಗರ್ ಒಂದೇ ಅಣ್ಣಾ" ಎಂದರು. ಕೆಲಸದ ಮೇಜಿನ ಮೇಲೆ ಸ್ಟಾಕ್ ಎಂಬ ಮರದ ಹಿಡಿ ಬಿಚ್ಚಿಟ್ಟು, ಬೋಲ್ಟ್ ಓಡಾಡುವ ಉಕ್ಕಿನ ಭಾಗವಾದ ಬರಿಯ ಆ್ಯಕ್ಷನ್‌ನಲ್ಲಿ ಬೋಲ್ಟ್ ಮುಚ್ಚಿ ನೋಡಿದೆವು. ಪ್ರತಿ ಸಲವೂ ಸರಿಯಾಗಿ ಕಾಕ್ ಆಗಿ ನಿಂತಿತು. ಸ್ಟಾಕ್‌ಗೆ ಕೂರಿಸಿ ಆ್ಯಕ್ಷನ್ ಸ್ಕ್ರೂ ಬಿಗಿದೊಡನೆ ತಪ್ಪಿತು. ಹೊಸ ಟ್ರಿಗರ್‌ನ ಪೆಟ್ಟಿಗೆ ಹಳೆಯದಕ್ಕಿಂತ ತುಸು ಅಗಲವಿತ್ತು. ಸ್ಟಾಕ್‌ನ ಒಳಗೋಡೆ ಅದನ್ನು ಒತ್ತುತ್ತಿತ್ತು, ಟ್ರಿಗರ್ ಮರಕ್ಕೆ ಉಜ್ಜಿ ಅರ್ಧದಲ್ಲೇ ನಿಲ್ಲುತ್ತಿತ್ತು. ಉಜ್ಜಿದ ಗುರುತು ಮರದ ಮೇಲೆ ಹೊಳೆಯುತ್ತಿತ್ತು. ಅಲ್ಲಿ ಒಂದಿಷ್ಟು ಮರ ಹೆರೆದದ್ದಷ್ಟೇ ದುರಸ್ತಿ. ಆದರೆ ಅವರು ಅದಕ್ಕೂ ಮುಂಚೆ ಮನೆಯಲ್ಲಿ ಎಲ್ಲ ಸ್ಕ್ರೂಗಳನ್ನೂ ತಿರುಗಿಸಿ ಮುಗಿಸಿದ್ದರು. ತಯಾರಕರು ಕೊಟ್ಟ ಹಾಳೆ ಹುಡುಕಿ, ಅವನ್ನೆಲ್ಲ ಮೊದಲಿನ ಅಳತೆಗೆ ತರುವುದರಲ್ಲಿ ಸಂಜೆಯಾಯಿತು.

ನನ್ನನ್ನು ನಿಜವಾಗಿ ಕೇಳಬೇಕಾದದ್ದು ಬೇರೆ: "ಭಾಗ ಬದಲಿಸಿದ ಮೇಲೆ ಈ ರೈಫಲನ್ನು ನಂಬಬಹುದೇ ಎಂದು ತಿಳಿಯುವುದು ಹೇಗೆ?" ಇದನ್ನು ಕೇಳುವವರಿಗೆ ಎಷ್ಟು ಹೊತ್ತಾದರೂ ಉತ್ತರಿಸುತ್ತೇನೆ.

ಖಾಲಿ ರೈಫಲ್‌ನಲ್ಲಿ, ನಳಿಗೆಯೊಳಗೆ ಕಣ್ಣಾರೆ ನೋಡಿ ಬೆರಳಿಟ್ಟು ಮುಟ್ಟಿ ಖಚಿತಪಡಿಸಿಕೊಂಡ ಮೇಲೆ, ನಳಿಗೆ ಅಪಾಯವಿಲ್ಲದ ಕಡೆಗೆ ಇರುವಂತೆ ಹಿಡಿದು, ಬೋಲ್ಟನ್ನು ಮೆಲ್ಲಗೆ ಮುಚ್ಚಿ, ನಂತರ ರಭಸದಿಂದ ಮುಚ್ಚಿ. ಮತ್ತೆ ಮತ್ತೆ ಮಾಡಿ. ಕಾಕ್ ಬಿದ್ದುಹೋಗಬಾರದು. ಕಾಕ್ ಮಾಡಿ ಸೇಫ್ಟಿ (ಈಡು ಹಾರದಂತೆ ತಡೆಯುವ ಗುಂಡಿ) ಹಾಕಿ, ಟ್ರಿಗರನ್ನು ಬಲವಾಗಿ ಎಳೆದು ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. ಪಿನ್ ಬೀಳಬಾರದು. ಕೊನೆಗೆ ಸೇಫ್ಟಿ ತೆಗೆದ ಸ್ಥಿತಿಯಲ್ಲೇ ರೈಫಲ್‌ನ ಹಿಂಬದಿಯನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ. ಆಗಲೂ ಬೀಳಬಾರದು. ಇದಿಷ್ಟನ್ನೂ ಸ್ಟಾಕ್ ಜೋಡಿಸಿ, ಸ್ಕ್ರೂಗಳನ್ನು ಪೂರ್ತಿ ಬಿಗಿದ ಮೇಲೆಯೇ ಮಾಡಬೇಕು. ಒಂದೇ ಒಂದು ಸಲ ತಪ್ಪಿದರೂ ರೈಫಲ್ ಬಂದೂಕು ದುರಸ್ತಿ ಮಾಡುವ ಗನ್‌ಸ್ಮಿತ್ ಬಳಿಗೆ ಹೋಗಬೇಕು.

ನನ್ನದು ಅತಿಯಾಯಿತು ಎನ್ನುವವರು ರೆಮಿಂಗ್ಟನ್ 700ರ ಕಥೆ ತಿಳಿದುಕೊಳ್ಳಲಿ. 1962ರಲ್ಲಿ ಮಾರುಕಟ್ಟೆಗೆ ಬಂದ ಆ ರೈಫಲ್‌ನ ಹಳೆಯ ಟ್ರಿಗರ್‌ನಲ್ಲಿ ಕನೆಕ್ಟರ್ ಎಂಬ ಸಣ್ಣ ಬಿಡಿ ತುಂಡಿತ್ತು. ಅದರ ಸಂದಿಯಲ್ಲಿ ಕಸ ಸೇರಿದರೆ ಸಿಯರ್‌ಗೆ ಆನಿಕೆ ತಪ್ಪುತ್ತದೆ ಎಂಬುದು ನ್ಯಾಯಾಲಯಕ್ಕೆ ಹೋದವರ ವಾದ. ವಿನ್ಯಾಸದಲ್ಲಿ ದೋಷವಿಲ್ಲ ಎಂಬುದು ಕಂಪನಿಯ ವಾದ. 2000ದಲ್ಲಿ ಮೊಂಟಾನಾದಲ್ಲಿ ತಾಯಿಯೊಬ್ಬರು ತೋಟಾ ತೆಗೆಯಲೆಂದು ಸೇಫ್ಟಿ ಸರಿಸಿದಾಗ ಈಡು ಹಾರಿ ಅವರ 9 ವರ್ಷದ ಮಗ ಸತ್ತ. 2006ರಲ್ಲಿ ಬಂದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇದ್ದ ರೈಫಲ್‌ಗಳನ್ನು 2014ರಲ್ಲಿ ಕಂಪನಿಯೇ ವಾಪಸು ಕರೆಯಿತು. ಜೋಡಣೆಯಲ್ಲಿ ಬಳಸಿದ ಅಂಟು ಹೆಚ್ಚಾಗಿತ್ತಂತೆ. ಕಾರ್ಖಾನೆಯಲ್ಲಿ ಒಂದು ಹನಿ ಅಂಟು ಹೆಚ್ಚಾದರೆ ಹೀಗಾಗುತ್ತದೆ. ನೀವು ಅಡುಗೆಮನೆಯ ಮೇಜಿನ ಮೇಲೆ ಅಂದಾಜಿನಲ್ಲಿ ಸ್ಕ್ರೂ ತಿರುಗಿಸುತ್ತೀರಿ.

ಹಗುರವಾದ ಟ್ರಿಗರ್ ಇದ್ದರೆ ಗುರಿ ತಪ್ಪುವುದಿಲ್ಲ ಎಂಬ ನಂಬಿಕೆಯೊಂದಿದೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್‌ನಲ್ಲಿ ಟ್ರಿಗರ್ ಎಳೆಯಲು ಕನಿಷ್ಠ ಇಷ್ಟು ಬಲ ಬೇಕೆಂಬ ನಿಯಮವಿಲ್ಲ, ನಿಜ. ಆದರೆ ಅಲ್ಲಿ ನಳಿಗೆ ಗುರಿಫಲಕದ ಕಡೆಗೆ ತಿರುಗಿದ ಮೇಲೆಯೇ ತೋಟಾ ಒಳಹೋಗುತ್ತದೆ. ದಪ್ಪ ಕೈಗವಸು ತೊಟ್ಟು, ಹಿಮದಲ್ಲಿ ಜಾರುತ್ತ, ಜೊತೆಗಾರರ ಹಿಂದೆ ಪೊದೆಗಳಲ್ಲಿ ನಡೆಯುವವರಿಗೆ ಆ ಟ್ರಿಗರ್ ಬೇಡ.

ಈ ವರ್ಷ ನನ್ನ ಬಳಿ ಬರುವವರು ಬೋಲ್ಟ್ ಬಿಚ್ಚಿದ ರೈಫಲ್, ತೆಗೆದಿಟ್ಟ ಹಳೆಯ ಟ್ರಿಗರ್, ಹೊಸದರ ಜೊತೆ ಬಂದ ಹಾಳೆ ಇವು ಮೂರನ್ನೂ ತನ್ನಿ. ಮುಟ್ಟಿದ ಸ್ಕ್ರೂಗಳು ಯಾವುವು, ಯಾವ ಕಡೆಗೆ ಎಷ್ಟು ತಿರುಗಿಸಿದಿರಿ ಎಂಬುದನ್ನು ಬರೆದು ತನ್ನಿ. ತೋಟಾಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ.