ಅಡುಗೆ ಏನು ಅಂತ ಮಾರ್ಕೆಟ್‌ನಲ್ಲೇ ತೀರ್ಮಾನ ಆಗಲಿ

ಆರೋಗ್ಯಕ್ಕೆ ಏನು ಅಡುಗೆ ಮಾಡಬೇಕು ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಚೀಟಿ ಬರೆದುಕೊಂಡು ಮಾರ್ಕೆಟ್‌ಗೆ ಹೋಗಬೇಡಿ, ಬರೀ ಚೀಲ ಹಿಡಿದು ಹೋಗಿ. ನಮ್ಮ ಮೈಸೂರಿನ ದೇವರಾಜ ಮಾರ್ಕೆಟ್ ಆಗಲಿ, ಎಂ.ಜಿ. ರಸ್ತೆಯ ತರಕಾರಿ ಮಾರ್ಕೆಟ್ ಆಗಲಿ, ಮೊದಲು ಸುಮ್ನೆ ಒಂದು ಸುತ್ತು ಹಾಕಿ. ಯಾವುದು ರಾಶಿ ಬಿದ್ದಿದೆಯೋ, ಯಾವುದರ ರೇಟು ಇಳಿದಿದೆಯೋ ಅದೇ ಆ ಕಾಲದ ತರಕಾರಿ. ಅದನ್ನೇ ತನ್ನಿ.

ಮಳೆ ಬಿದ್ದ ಮೇಲೆ ಹಳ್ಳಿ ಕಡೆಯಿಂದ ಬರುವ ಹೆಂಗಸರ ಹತ್ತಿರ ಬೆರಕೆ ಸೊಪ್ಪು ಸಿಗುತ್ತದೆ. ಹೊಲದ ಬದುವಿನಲ್ಲಿ ತಾನಾಗೇ ಹುಟ್ಟಿದ ಅಣ್ಣೆ, ಗಣಿಕೆ, ಕೀರೆ, ಹೊನಗೊನ್ನೆ ಎಲ್ಲ ಸೇರಿದ ಸೊಪ್ಪು. ಬಿಡಿಸುವುದು ತಾಳ್ಮೆಯ ಕೆಲಸ, ಮಣ್ಣು ಹೋಗುವವರೆಗೂ ತೊಳೆಯಬೇಕು, ಅದಕ್ಕೇ ಜಾಸ್ತಿ ಜನ ಪಾಲಕ್ ತಗೊಂಡು ಹೋಗಿಬಿಡುತ್ತಾರೆ. ಆದರೆ ಉಪ್ಸಾರಿಗೆ ಇದರಂಥ ಸೊಪ್ಪು ಇಲ್ಲ.

ಮಂಡ್ಯ ಕಡೆಯವರಿಗೆ ಉಪ್ಸಾರು ಹೇಳಿಕೊಡಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ತೊಗರಿಬೇಳೆಯನ್ನೋ ಹಲಸಂದೆ ಕಾಳನ್ನೋ ಧಾರಾಳವಾಗಿ ನೀರು ಇಟ್ಟು ಬೇಯಿಸಿ. ಮುಕ್ಕಾಲು ಬೆಂದಾಗ ಸೊಪ್ಪು, ಉಪ್ಪು ಹಾಕಿ. ಕುಕ್ಕರ್ ಬೇಡ, ಬಾಯಿ ತೆರೆದ ಪಾತ್ರೆಯೇ ಸರಿ. ಬೆಂದ ಮೇಲೆ ಕಟ್ಟು, ಅಂದರೆ ಬೇಯಿಸಿದ ನೀರು, ಬಸಿದುಕೊಳ್ಳಿ. ಸೊಪ್ಪು, ಬೇಳೆಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ ಆಯಿತು. ಇನ್ನು ಖಾರ: ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆಯಿರಿ. ಬಿಸಿ ಮುದ್ದೆ ಪಕ್ಕದಲ್ಲಿ ಕಟ್ಟು ಬಿಟ್ಟುಕೊಂಡು, ಖಾರವನ್ನು ಅವರವರೇ ಬೇಕಾದಷ್ಟು ಕಲಸಿಕೊಳ್ಳುವುದು. ಅಜ್ಜಿಗೆ ಚಿಟಿಕೆ, ಅಪ್ಪನಿಗೆ ಒಂದು ಚಮಚ, ಮಗುವಿಗೆ ಇಲ್ಲವೇ ಇಲ್ಲ. ಒಂದೇ ಅಡುಗೆ, ಯಾರಿಗೂ ಬೇರೆ ಮಾಡಬೇಕಾಗಿಲ್ಲ. ಬಿಪಿ ಇರುವವರು ಮನೆಯಲ್ಲಿದ್ದರೆ ಉಪ್ಪಿನ ಮೇಲೆ ಮಾತ್ರ ಕೈ ಹಿಡಿತ ಇರಲಿ.

ಈ ಅಡುಗೆಯ ಜಾಣತನ ಇರುವುದು ಆ ಕಟ್ಟಿನಲ್ಲೇ. ಸೊಪ್ಪು ಬೇಯಿಸಿದಾಗ ಬಿ ಗುಂಪಿನ ವಿಟಮಿನ್‌ಗಳು, ಪೊಟ್ಯಾಸಿಯಂ ಸ್ವಲ್ಪ ನೀರಿಗೆ ಇಳಿಯುತ್ತವೆ. ಆ ನೀರು ಚೆಲ್ಲಿದರೆ ಅದೂ ಹೋಯಿತು. ನಮ್ಮವರು ಅದನ್ನೇ ಸಾರು ಮಾಡಿದರು, ಮಸಾಲೆ ಅರೆದು ಹಾಕಿ ಬಸ್ಸಾರನ್ನೂ ಮಾಡಿದರು. ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತಬೇಕೆಂದರೆ ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟ ಆದ ತಕ್ಷಣ ಕಾಫಿ, ಟೀ ಬೇಡ. (ಈ ಎರಡನೆಯದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಬಿಡಿ.) ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಿ ಅನ್ನುತ್ತದೆ. ಸ್ಯಾಂಡ್‌ವಿಚ್‌ನಲ್ಲಿ ಎರಡು ಬಿಲ್ಲೆ ಸೌತೆಕಾಯಿ ಇಟ್ಟರೆ ಅಷ್ಟಾಗುವುದಿಲ್ಲ, ಈ ಪಲ್ಯ ಒಂದು ಬಟ್ಟಲು ತಿಂದರೆ ಒಳ್ಳೆ ಪಾಲು ಮುಗಿಯುತ್ತದೆ.

ಚಳಿ ಶುರುವಾದರೆ ಅವರೆಕಾಯಿ. ಆಗ ಬೇರೆ ಮಾತೇ ಇಲ್ಲ. ನಾಟಿ ಅವರೆ ಹಗಲು ಗಿಡ್ಡವಾದಾಗಲೇ ಹೂ ಬಿಡುವ ಗಿಡ, ಅದಕ್ಕೇ ಸಂಕ್ರಾಂತಿ ಹೊತ್ತಿಗೆ ಮಾರ್ಕೆಟ್ ತುಂಬ ಅದೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಲೆಕ್ಕ ನೋಡದ ತಳಿಗಳನ್ನು ತಂದಿದ್ದಾರೆ, ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂತ, ಹಾಗಾಗಿ ಈಗ ಬೇಸಿಗೆಯಲ್ಲೂ ಅವರೆಕಾಯಿ ಕಾಣುತ್ತದೆ. ರೈತರಿಗೆ ಒಳ್ಳೆಯದೇ. ಆದರೆ ಸಿಪ್ಪೆ ಸುಲಿದಾಗ ಬೆರಳಿಗೆ ಅಂಟಾಗಿ ಹತ್ತಿ, ಸೋಪು ಹಾಕಿ ತೊಳೆದರೂ ಸಂಜೆವರೆಗೆ ಘಮ ಅನ್ನುವ ಆ ಸೊಗಡು ನನಗೆ ಸಿಗುವುದು ಚಳಿಗಾಲದ ಕಾಯಲ್ಲೇ. ಈರನಗೆರೆ ಬದನೆಕಾಯಿ ಜೊತೆ ಹಾಕಿ ಹುಳಿ ಮಾಡಿ ನೋಡಿ. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಒತ್ತಿ ಸಿಪ್ಪೆ ತೆಗೆದು ಹಿತಕಿದ ಬೇಳೆ ಮಾಡುವ ದಿನ ಮಾತ್ರ ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳಿ, ಒಬ್ಬರೇ ಹಿತಕುತ್ತಾ ಕೂತರೆ ಬೇಳೆ ಮುಗಿಯುವುದೇ ಇಲ್ಲ.

ಬೇಸಿಗೆಗೆ ಇಷ್ಟೆಲ್ಲ ರಾಮಾಯಣ ಇಲ್ಲ. ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ, ಬೇಗ ಬೇಯುತ್ತವೆ, ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಕಾಗಿಲ್ಲ. ಹೀರೆಕಾಯಿ ಸಿಪ್ಪೆ ಎಸೆಯಬೇಡಿ, ಚಟ್ನಿ ಆಗುತ್ತದೆ. ಮಾವಿನಕಾಯಿ ಬಂತು ಅಂದರೆ ನಮ್ಮ ಮನೆಯ ಬೇಳೆ ಸಾರಿಗೆ ಹುಣಸೆಹಣ್ಣು ಬಂದ್.