ಒಂದು ಡಬ್ಬಿ ಅಮ್ಮನಿಗೆ
ಇವತ್ತು ಮಧ್ಯಾಹ್ನ ಕೂತು ರವೆ ದೋಸೆ ಪುಡಿ ಮಾಡಿಟ್ಟೆ. 2 ಲೋಟ ಚಿರೋಟಿ ರವೆ, 2 ಲೋಟ ಅಕ್ಕಿ ಹಿಟ್ಟು, 1 ಲೋಟ ಮೈದಾ. ಜೀರಿಗೆ, ಕುಟ್ಟಿದ ಮೆಣಸು, ಉಪ್ಪು. ರವೆಯನ್ನು ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿಸಿದೆ. ಬಿಸಿ ಇದ್ದಾಗಲೇ ತುಂಬಿದರೆ ಡಬ್ಬಿ ಒಳಗೇ ಬೆವರಿ ಪುಡಿ ಗಂಟು ಕಟ್ಟುತ್ತದೆ. ಕರಿಬೇವನ್ನು ಮೂರು ದಿನ ನೆರಳಲ್ಲಿ ಒಣಗಿಸಿದ್ದೆ. ಅಂಗೈಯಲ್ಲಿ ತಿಕ್ಕಿದರೆ ಗರಗರ ಅಂತ ಪುಡಿಯಾಯಿತು, ಕೈಯೆಲ್ಲ ಅದರದ್ದೇ ವಾಸನೆ!

ಬೆಳಿಗ್ಗೆ 1 ಲೋಟ ಪುಡಿಗೆ ಎರಡೂವರೆ ಲೋಟ ನೀರು, ಸ್ವಲ್ಪ ಹುಳಿ ಮಜ್ಜಿಗೆ. 20 ನಿಮಿಷ ನೆನೆಯಲಿ. ಹಿಟ್ಟು ಮಜ್ಜಿಗೆಯಷ್ಟೇ ತೆಳ್ಳಗಿರಬೇಕು. ರವೆ ತಳಕ್ಕೆ ಕೂರುತ್ತದೆ, ಪ್ರತಿ ದೋಸೆಗೂ ಕದಡಿಯೇ ಹುಯ್ಯಿರಿ.

ರವೆ ಹುರಿಯುವಾಗ ಅಮ್ಮನ ನೆನಪಾಯಿತು. ನಾವೆಲ್ಲ ಮಲಗಿದ ಮೇಲೂ ಅವಳು ನಾಳೆಯ ದೋಸೆಗೆ ಹಿಟ್ಟು ರುಬ್ಬಿ, ಗ್ರೈಂಡರ್ ತೊಳೆಯುತ್ತಿದ್ದಳು. ಆ ಹೊತ್ತನ್ನು ನಾವು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ ಅಲ್ವಾ?

ಎರಡು ಡಬ್ಬಿ ಆಯಿತು. ಒಂದು ನಮಗೆ. ಇನ್ನೊಂದು ಶನಿವಾರ ಊರಿಗೆ ಹೋಗುವಾಗ ಅಮ್ಮನಿಗೆ. ನೀರಿನ ಅಳತೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿದ್ದೇನೆ.