"ಒಳ್ಳೇ ಸುದ್ದಿ ಯಾಕ ತೋರಸಂಗಿಲ್ರಿ?"

ಸಿಂಧನೂರಿನಲ್ಲಿ ನಾನು ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿನ್ನುವ ಹೋಟೆಲಿನಲ್ಲಿ ಒಂದು ಟಿವಿ ಇದೆ. ಸೌಂಡ್ ಇರಲ್ಲ, ಚಿತ್ರ ಮಾತ್ರ ಓಡುತ್ತಿರುತ್ತದೆ. ಮೇಲೊಂದು ಕೆಂಪು ಪಟ್ಟಿ, ಕೆಳಗೊಂದು ಕೆಂಪು ಪಟ್ಟಿ, ನಡುವೆ ಯಾರೋ ಯಾರಿಗೋ ಬೈಯುತ್ತಿರುತ್ತಾರೆ. ನಾನು ಒಳಗೆ ಕಾಲಿಟ್ಟರೆ ಸಾಕು, ಯಾರಾದರೂ ಒಬ್ಬರು ಟಿವಿ ಕಡೆ ಗದ್ದ ಎತ್ತಿ ಕೇಳುತ್ತಾರೆ: "ನೀವು ಟಿವಿಯವ್ರು ಒಳ್ಳೇ ಸುದ್ದಿ ಯಾಕ ತೋರಸಂಗಿಲ್ರಿ?"

ಟಿವಿ ಬಿಟ್ಟು ಐದು ವರ್ಷವಾಯಿತು. ಈಗ ನನ್ನದು ಫೋಟೋ ಸ್ಟುಡಿಯೋ, ಮದುವೆ ವಿಡಿಯೋ. ಆದರೂ ಊರಿನ ಲೆಕ್ಕದಲ್ಲಿ ನಾನಿನ್ನೂ ಟಿವಿಯವನೇ. ಒಂಬತ್ತು ವರ್ಷ ಸ್ಟ್ರಿಂಗರ್ ಆಗಿದ್ದೆ. ಸ್ಟ್ರಿಂಗರ್ ಅಂದರೆ ಸಂಬಳ ಇಲ್ಲದ ವರದಿಗಾರ. ಸ್ಟೋರಿ ಪ್ರಸಾರ ಆದರೆ ಇಷ್ಟು ಅಂತ ಕೊಡುತ್ತಾರೆ, ಆಗದಿದ್ದರೆ ಬೈಕಿನ ಪೆಟ್ರೋಲೂ ನಮ್ಮದೇ.

ಹೋಟೆಲಿನಲ್ಲಿ ಮಿರ್ಚಿ ಆರುವ ಮೊದಲು ಹೇಳಿ ಮುಗಿಸುವಂಥ ಉತ್ತರ ಇದಕ್ಕಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ತೋರಿಸುತ್ತಾರೆ. ಚೆನ್ನಾಗಿಯೇ ತೋರಿಸುತ್ತಾರೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಗಾರೆ ಕೆಲಸದವರ ಮಗಳಿಗೆ ಆರುನೂರರ ಮೇಲೆ ಅಂಕ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನ ಹೆಣ್ಣುಮಕ್ಕಳು ಜಾತಿ ಧರ್ಮ ನೋಡದೆ ರೊಟ್ಟಿ ಬಡಿದು ಕಳಿಸುವುದು. ಮೊಹರಂನಲ್ಲಿ ಮುಸ್ಲಿಮರ ಮನೆಯೇ ಇಲ್ಲದ ಊರಿನವರು ಅಲಾಯಿ ಕುಣಿ, ಅಂದರೆ ಬೆಂಕಿ ಹಾಕುವ ಗುಂಡಿ, ತೋಡುವುದು. ಇವೆಲ್ಲ ಪ್ರತಿ ವರ್ಷ ಬರುತ್ತವೆ. ಡೆಸ್ಕ್‌ನವರು, ಅಂದರೆ ಆಫೀಸಿನಲ್ಲಿ ಕೂತು ಸುದ್ದಿ ಆರಿಸುವವರು, ಕೇಳಿ ತರಿಸಿಕೊಳ್ಳುತ್ತಾರೆ. ದಿನವಿಡೀ ಜಗಳ ತೋರಿಸಿದ ಮೇಲೆ ಬುಲೆಟಿನ್ ಕೊನೆಗೆ ಒಂದು ಚೂರು ಸಿಹಿ ಬೇಕಲ್ಲ. ಊಟ ಆದ ಮೇಲೆ ಬಾಳೆಹಣ್ಣು ಕೊಟ್ಟ ಹಾಗೆ.

ಆ ಬಾಳೆಹಣ್ಣು ನನಗೂ ಇಷ್ಟ. ಸುಳ್ಳು ಯಾಕೆ ಹೇಳಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು ನೋಡಿ, ಆಗ ನಮ್ಮ ಕಡೆ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಎಡದಂಡೆ ಕಾಲುವೆ ಅಂದರೆ ನಮ್ಮ ಅನ್ನ. ನಾಟಿ ಮಾಡಿದ ಭತ್ತ ಗದ್ದೆಯಲ್ಲಿದೆ, ನೀರು ನೋಡಿದರೆ ನದಿಗೆ ಹೋಗುತ್ತಿದೆ. ಅಷ್ಟರಲ್ಲಿ ಕನ್ನಯ್ಯ ನಾಯ್ಡು ಬಂದರು. ಎಂಬತ್ತರ ಹತ್ತಿರದ ಮನುಷ್ಯ, ಬದುಕಿಡೀ ಡ್ಯಾಮ್ ಗೇಟುಗಳ ಕೆಲಸ ಮಾಡಿದವರು. ಹರಿಯುವ ನೀರಿನಲ್ಲೇ ಗೇಟಿನ ಜಾಗಕ್ಕೆ ಉಕ್ಕಿನ ತಾತ್ಕಾಲಿಕ ತಡೆಗೋಡೆಯ, ಅಂದರೆ ಸ್ಟಾಪ್‌ಲಾಗ್‌ನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ವಾರ ಕಳೆಯುವಷ್ಟರಲ್ಲಿ ನೀರು ನಿಂತಿತು. ಟಿವಿಯಲ್ಲಿ ಅವರ ಮುಖ ಕಂಡಾಗ ನಮ್ಮ ಬೀದಿಯಲ್ಲಿ ಸೀಟಿ ಹೊಡೆದರು. ನಾನೂ ಹೊಡೆದೆ. ಅಂಥ ಹೊತ್ತಿನಲ್ಲಿ ನಂಬೋಕೆ ಒಂದು ಮುಖ ಬೇಕು. ಕ್ಯೂಸೆಕ್, ಟಿಎಂಸಿ ಅನ್ನುವ ನೀರಿನ ಲೆಕ್ಕವನ್ನು ಯಾರು ನಂಬುತ್ತಾರೆ?

ಆದರೆ ಅಲ್ಲಿಂದ ಮುಂದಿನದು ನೋಡಿ. ಡ್ಯಾಮಿನಲ್ಲಿ ಗೇಟು ಒಟ್ಟು 33. ಆಗ ಇದ್ದವೆಲ್ಲ 1950ರ ದಶಕದವು. ಅವುಗಳ ಚೈನ್ ಯಾವಾಗ ಪರೀಕ್ಷೆ ಆಗಿತ್ತು, ಯಾರು ಮಾಡಬೇಕಿತ್ತು, ಎಷ್ಟು ದುಡ್ಡು ಕೇಳಿದ್ದರು, ಎಷ್ಟು ಸಿಕ್ಕಿತು? ಇದಕ್ಕೆ ಮುಖ ಇಲ್ಲ. ಮುಖ ಇಲ್ಲದ್ದಕ್ಕೆ, ಒಳ್ಳೇ ಸುದ್ದಿಗೆ ಹಾಕುವ ಕೊಳಲಿನ ಮ್ಯೂಸಿಕ್ ಹಾಕೋಕಾಗಲ್ಲ. ಮರುವರ್ಷ, 2025ರಲ್ಲಿ, ಹಳೇ ಗೇಟುಗಳನ್ನು ನಂಬುವ ಹಾಗಿಲ್ಲ ಅಂತ 105 ಟಿಎಂಸಿ ಹಿಡಿಯುವ ಡ್ಯಾಮಿನಲ್ಲಿ 80ಕ್ಕೇ ನಿಲ್ಲಿಸಿದರು. ಗೇಟು ಬದಲಿಸಬೇಕು, ಎರಡನೇ ಬೆಳೆಗೆ ನೀರಿಲ್ಲ ಅಂದರು. ಒಂದು ಬೆಳೆ ಹೋದರೆ ಇಲ್ಲಿ ಏನೇನು ಹೋಗುತ್ತದೆ ಅಂತ ಎಡದಂಡೆಯವರನ್ನು ಕೇಳಿ. ಆ ಸುದ್ದಿ ಬಂತು, ಬರಲಿಲ್ಲ ಅಂತಲ್ಲ. ಸೀಟಿ ಮಾತ್ರ ಯಾರೂ ಹೊಡೆಯಲಿಲ್ಲ.

ಈಗ ನಾನೇ ಮಾಡಿದ ಒಂದು ಸ್ಟೋರಿ ಹೇಳುತ್ತೇನೆ. 2018ನೇ ಇಸವಿ. ಸಿಂಧನೂರಿನಿಂದ ಸ್ವಲ್ಪ ದೂರ, ಕಾಲುವೆ ಪಕ್ಕದ ಒಂದು ಕ್ಯಾಂಪ್, ಅಂದರೆ ಸಣ್ಣ ಊರು. ಹೈಸ್ಕೂಲ್ ಇರುವುದು ಆರು ಕಿಲೋಮೀಟರ್ ಆಚೆ. ಬಸ್ ಇಲ್ಲ. ಅಲ್ಲಿಯ ಒಬ್ಬ ಆಟೋದವನು ದಿನಾ ಬೆಳಿಗ್ಗೆ ಒಂಬತ್ತು ಹುಡುಗಿಯರನ್ನು ಪುಕ್ಕಟೆ ಶಾಲೆಗೆ ಬಿಟ್ಟು ಬರುತ್ತಿದ್ದ. ಅವನ ತಂಗಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳಂತೆ, ಬಸ್ ಇಲ್ಲದ ಕಾರಣಕ್ಕೇ. ಇಂಥ ಸ್ಟೋರಿ ಕೈಗೆ ಸಿಕ್ಕರೆ ಸ್ಟ್ರಿಂಗರ್‌ಗೆ ಲಾಟರಿ ಹೊಡೆದ ಹಾಗೆ.

ಬೆಳಿಗ್ಗೆ ಏಳೂವರೆಗೆ ಹೋದೆ. ಹುಡುಗಿಯರು ಆಗಲೇ ಹತ್ತಿ ಕೂತಿದ್ದರು. ಇಳಿಸಿದೆ. "ಇನ್ನೊಂದ್ಸಲ ಹತ್ರವ್ವಾ, ನಕ್ಕೋತ ಹತ್ರಿ" ಅಂದೆ. ಮೂರು ಸಲ ಹತ್ತಿಸಿದೆ. ಮೂರನೇ ಸಲಕ್ಕೆ ಒಬ್ಬಳು "ಸಾಲಿಗೆ ಲೇಟಾಗ್ತೈತ್ರಿ ಸರ" ಅಂದಳು. ಪುಕ್ಕಟೆ ಶಾಲೆಗೆ ಬಿಡುವವನ ಸ್ಟೋರಿ ಮಾಡಲು ಹೋಗಿ ಮಕ್ಕಳ ಪ್ರೇಯರ್ ತಪ್ಪಿಸಿದೆ! ಆಗ ಅದು ತಲೆಗೇ ಹೋಗಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು, ಕಿಟಕಿಯಿಲ್ಲದ ಆಟೋದಿಂದ ಹಾರುವ ರಿಬ್ಬನ್, ಹಿಂದೆ ಭತ್ತದ ಗದ್ದೆ. ವಿಷುಯಲ್ ಅಂದರೆ ವಿಷುಯಲ್.

ಬೈಟ್, ಅಂದರೆ ಕ್ಯಾಮೆರಾ ಮುಂದೆ ಆಡಿದ ಮಾತು, ತಗೊಂಡೆ. ಆಟೋದವನದು ಒಂದು, ಒಬ್ಬ ತಾಯಿಯದು ಒಂದು, ಒಂಬತ್ತನೇ ಕ್ಲಾಸಿನ ಹುಡುಗಿಯದು ಒಂದು. ಆ ಹುಡುಗಿ ಮೈಕ್ ನೋಡದೆ ನನ್ನನ್ನೇ ನೋಡಿ ಹೇಳಿದಳು: "ಅಣ್ಣ ಭಾಳ ಚಲೋ ಅದಾನ್ರಿ. ಆದ್ರ ಅಣ್ಣಗ ಜ್ವರ ಬಂದ್ರ ನಮಗ ಸಾಲಿ ಇಲ್ರಿ. ನಮಗ ಬಸ್ ಬಿಡ್ಸ್ರಿ." ಹನ್ನೆರಡು ಸೆಕೆಂಡ್.

ಡೆಸ್ಕ್‌ನಿಂದ ಫೋನ್ ಬಂತು. ತುಂಬ ಚೆನ್ನಾಗಿದೆ, ಬಸ್ಸಿನ ಬೈಟ್ ಮಾತ್ರ ತೆಗೆಯುತ್ತೇವೆ, ಅದರಿಂದ ಮೂಡ್ ಬದಲಾಗುತ್ತದೆ ಅಂದರು. ನಾನು ಆಯ್ತು ಸರ್ ಅಂದೆ. ಜಗಳ ಆಡಲಿಲ್ಲ. ಬಸ್ಸಿನ ಸಮಸ್ಯೆ ಅಂತ ಕಳಿಸಿದ ಸ್ಟೋರಿಗಳು ಮೂವತ್ತು ಸೆಕೆಂಡಿನ ಪಟಪಟ ಸುದ್ದಿಯಲ್ಲಿ ಹೋಗಿಬಿಡುತ್ತಿದ್ದವು, ಅದಕ್ಕೆ ದುಡ್ಡೂ ಕಡಿಮೆ. ಇದು ಎರಡು ನಿಮಿಷ ನಲವತ್ತು ಸೆಕೆಂಡ್ ಓಡಿತು. ದಿನಕ್ಕೆ ನಾಲ್ಕು ಸಲ ಹಾಕಿದರು.

ಆಮೇಲೆ ಅವನಿಗೆ ಸನ್ಮಾನಗಳಾದವು. ಶಾಲು, ಹಾರ, ಹಣ್ಣಿನ ಬುಟ್ಟಿ. ಪಕ್ಕದ ಕ್ಯಾಂಪಿನವರೂ ಬಂದರು. "ಟಿವ್ಯಾಗ ನೋಡೀವಿ, ನಮ್ಮ ಹುಡುಗ್ಯಾರ್ನೂ ಕರ್ಕೊಂಡು ಹೋಗು." ಒಂಬತ್ತು ಇದ್ದದ್ದು ಹದಿನಾಲ್ಕಾಯಿತು. ಎರಡು ಟ್ರಿಪ್ ಹೊಡೆದ. ಅವನ ಬೆಳಗಿನ ಬಾಡಿಗೆ ಪೂರಾ ಹೋಯಿತು. ಮೂರು ತಿಂಗಳಿಗೆ ಹೊಸಬರನ್ನು ನಿಲ್ಲಿಸಿದ. ಹಾರ ಹಾಕಿದ ಜನವೇ "ಹೆಸರು ಬಂದ ಮ್ಯಾಲ ಸೊಕ್ಕು ಬಂತು" ಅಂದರು.

ನನಗೆ ಇನ್ನೂ ಚುಚ್ಚುವುದು ಬೇರೆ. ಆ ಹುಡುಗಿಯ ಬೈಟ್ ಮನಸ್ಸಿನಲ್ಲಿ ಕೊರೆಯುತ್ತಿತ್ತು ಅಂತ, ಕೆಲವು ದಿನ ಬಿಟ್ಟು ಬಸ್ ಡಿಪೋಗೆ ಹೋಗಿ ಒಬ್ಬ ಅಧಿಕಾರಿಯನ್ನು ಕೇಳಿದೆ. ಅವರು ಕೆಟ್ಟ ಮನುಷ್ಯ ಏನಲ್ಲ, ಚಹಾ ಕೊಟ್ಟರು. ಬಸ್ ಕಡಿಮೆ, ಡ್ರೈವರ್ ಕಡಿಮೆ, ಎಲ್ಲ ಹೇಳಿದರು. ಕೊನೆಗೆ ನಕ್ಕು ಅಂದರು: "ಆ ಕ್ಯಾಂಪಿಗೆ ಅರ್ಜೆಂಟ್ ಏನೈತ್ರಿ? ನೀವೇ ತೋರ್ಸೀರಲ್ಲ. ಆಟೋ ಐತಲ್ರಿ!"

ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಟಿವಿಯಲ್ಲಿ ಇನ್ನೊಂದು ಜಾತಿಯ ಒಳ್ಳೆ ಸುದ್ದಿ ಇದೆ. ಅದಕ್ಕೆ 'ಫಲಶ್ರುತಿ' ಅಂತ ಹೆಸರು. ಪುರಾಣದ ಕೊನೆಗೆ, ಇದನ್ನು ಕೇಳಿದವರಿಗೆ ಇಂಥ ಫಲ ಅಂತ ಬರುತ್ತದಲ್ಲ, ಆ ಪದ. ಅಲ್ಲಿ ಫಲ ಕೇಳಿದವನಿಗೆ. ಇಲ್ಲಿ ಹೇಳಿದವನೇ ಎದೆ ತಟ್ಟಿಕೊಳ್ಳುವುದು: ನಮ್ಮ ವಾಹಿನಿಯ ವರದಿಯ ಫಲಶ್ರುತಿ! ನಾನೂ ಮಾಡಿದ್ದೇನೆ. ಒಬ್ಬ ಅಜ್ಜಿಗೆ ಏಳು ತಿಂಗಳಿಂದ ವಿಧವಾ ಪಿಂಚಣಿ ಬಂದಿರಲಿಲ್ಲ. ಸ್ಟೋರಿ ಹೋಯಿತು, ಮೇಲಿಂದ ಫೋನ್ ಬಂತು, ನಾಲ್ಕೇ ದಿನಕ್ಕೆ ದುಡ್ಡು ಬಂತು. ಅಜ್ಜಿ ನನ್ನ ಕೆನ್ನೆ ಹಿಡಿದು ನೆಟಿಗೆ ಮುರಿದಳು. ಆ ಖುಷಿ ನಿಜ, ಅದನ್ನು ಸಣ್ಣದು ಮಾಡಲ್ಲ. ಫಲಶ್ರುತಿ ಶೂಟ್ ಮಾಡಿ ಬೈಕ್ ಹತ್ತುವಾಗ ಅದೇ ಓಣಿಯ ಹನ್ನೊಂದು ಮಂದಿ ಸುತ್ತ ನಿಂತರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಪಾಸ್‌ಬುಕ್ಕು. "ನಮ್ದೂ ತೋರ್ಸಪಾ ತಮ್ಮಾ." ಡೆಸ್ಕಿಗೆ ಕೇಳಿದೆ. ಅದೇ ಊರು, ಅದೇ ಸ್ಟೋರಿ, ಬೇಡ ಅಂದರು. ಅಲ್ವಾ ಮತ್ತೆ? ಒಬ್ಬಳ ಕಣ್ಣೀರು ಸ್ಟೋರಿ, ಹನ್ನೆರಡು ಜನರದ್ದು ಕಚೇರಿ ಕೆಲಸ.

ಹಾಗಂತ ಎಲ್ಲ ಸ್ಟೋರಿಯೂ ಹೀಗೇ ಮೋಸ ಅಂತ ಹೇಳುತ್ತಿಲ್ಲ. ಕೊಪ್ಪಳದ ಹತ್ತಿರದ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರದು ನೋಡಿ. ಊರಿನ ಶಾಲೆಗೆ ತಮ್ಮ ಎರಡು ಎಕರೆ ಜಮೀನು ಕೊಟ್ಟರು. ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಎಷ್ಟು ಸಲ ತೋರಿಸಿದರೂ ಸಾಕಾಗಲ್ಲ ನನಗೆ. ಆದರೆ ನಾನು ಡೆಸ್ಕಿನಲ್ಲಿ ಇದ್ದಿದ್ದರೆ ಒಂದೇ ಒಂದು ಸಾಲು ಸೇರಿಸುತ್ತಿದ್ದೆ. ಬಿಸಿಯೂಟದ ಅಡುಗೆಯವರಿಗೆ ಕೇಂದ್ರ ಸರ್ಕಾರ 2009ರಲ್ಲಿ ತಿಂಗಳಿಗೆ 1,000 ರೂಪಾಯಿ ಗೌರವಧನ ಅಂತ ಮಾಡಿತು, ಅದೂ ವರ್ಷಕ್ಕೆ ಹತ್ತೇ ತಿಂಗಳು. ಹತ್ತು ವರ್ಷ ದಾಟಿದರೂ ಆ ಸಾವಿರ ಸಾವಿರವಾಗಿಯೇ ಇತ್ತು. ಮೇಲಿನದು ರಾಜ್ಯ ಸೇರಿಸಿದ್ದು. ಇಷ್ಟು ಹೇಳಿದರೆ ಹುಚ್ಚಮ್ಮ ಅವರ ದೊಡ್ಡತನ ಕಡಿಮೆ ಆಗಲ್ಲ. ಇನ್ನೂ ಜಾಸ್ತಿ ಆಗುತ್ತದೆ.

ಇನ್ನೊಂದು ನನಗೆ ಮರೆಯದ್ದು 2021ರ ಡಿಸೆಂಬರಿನದು. ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದ್ದರು. ಕೆಲವು ಮಠಾಧೀಶರು ಬೇಡ ಅಂದರು. ಆಗ ಗಂಗಾವತಿಯ ಒಬ್ಬ ಶಾಲೆ ಹುಡುಗಿ ಕ್ಯಾಮೆರಾ ಮುಂದೆ ನಿಂತು, ಮೊಟ್ಟೆ ಬೇಕೇ ಬೇಕು, ಇಲ್ಲ ಅಂದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅಂತ ಜೋರು ಮಾಡಿದಳು. ಆ ವಿಡಿಯೋ ಎಲ್ಲ ಕಡೆ ಓಡಿತು. ಅದಕ್ಕೆ ಯಾರೂ ಕೊಳಲು ಹಾಕಲಿಲ್ಲ, ಹಾಕಿದರೂ ಹೊಂದುತ್ತಿರಲಿಲ್ಲ. ಆ ಹುಡುಗಿ ಯಾರ ಕನಿಕರವನ್ನೂ ಕೇಳಲಿಲ್ಲ, ತನ್ನ ಪಾಲು ಕೇಳಿದಳು. ಮರುವರ್ಷ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. ಅವಳೊಬ್ಬಳಿಂದಲೇ ಬಂತು ಅಂತ ನಾನು ಫಲಶ್ರುತಿ ಹಾಡಲ್ಲ. ಆದರೆ ಅವಳ ಬೈಟ್ ಯಾರೂ ಕತ್ತರಿಸಲಿಲ್ಲವಲ್ಲ, ಅದು ನನಗೆ ಸಮಾಧಾನ. ನನ್ನ ಆಟೋ ಸ್ಟೋರಿಯ ಹುಡುಗಿ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಮೆತ್ತಗೆ ಕೇಳಿದ್ದಳು.

ಹೋಟೆಲಿನವರಿಗೆ ಇದನ್ನೆಲ್ಲ ಹೇಳಿದರೆ, "ಹಂಗಾರ ತೋರಸಬ್ಯಾಡ್ರಿ ಅಂತೀರೇನು?" ಅಂತಾರೆ. ಇಲ್ಲಪ್ಪ, ತೋರಿಸಲಿ. ಆದರೆ ಎರಡನೇ ಸಲ ಹೋಗಲಿ. ನಮ್ಮವ್ವ ಒಮ್ಮೆ ಟಿವಿಯಲ್ಲಿ ಹಾರ್ಟ್ ಆಪರೇಷನ್ ಆಗಬೇಕಿದ್ದ ಒಬ್ಬ ಹುಡುಗನನ್ನು ನೋಡಿ, ಸೆರಗಿನ ಗಂಟಿನಿಂದ ಐನೂರು ತೆಗೆದು ನನ್ನ ಕೈಗಿಟ್ಟು ಕಳಿಸು ಅಂದಳು. ತಿಂಗಳಾದ ಮೇಲೆ ಕೇಳಿದಳು, "ಆ ಹುಡುಗಂದು ಏನಾತು?" ಇನ್ನೊಂದು ತಿಂಗಳಿಗೆ ಮತ್ತೆ ಕೇಳಿದಳು. ಅವಳ ಮಗ ಟಿವಿಯವನು. ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಆ ಸ್ಟೋರಿ ಮಾಡಿದವನಿಗೂ ಫೋನ್ ಮಾಡಿದ್ದೆ, ಅವನ ಬಾಯಲ್ಲೂ ಇರಲಿಲ್ಲ. ಆಮೇಲೆ ಅವ್ವ ಕೇಳೋದು ಬಿಟ್ಟಳು. ದುಡ್ಡು ಕೊಡೋದೂ ಬಿಟ್ಟಳು.

ಹೋದ ಕಾರ್ತಿಕದಲ್ಲಿ ಮದುವೆ ವಿಡಿಯೋಗೆ ಅಂತ ಅದೇ ಕ್ಯಾಂಪಿಗೆ ಹೋಗಿದ್ದೆ. ಈಗ ಬಸ್ ಬರುತ್ತದಂತೆ, ದಿನಕ್ಕೆ ಒಂದು, ಹನ್ನೊಂದು ಗಂಟೆಗೆ. ಹೆಂಗಸರಿಗೆ ಟಿಕೆಟ್ ಇಲ್ಲ. ಸಂತೆಗೆ ಹೋಗುವವರಿಗೆ ಅನುಕೂಲ. ಶಾಲೆ ಶುರುವಾಗುವುದು ಅದಕ್ಕಿಂತ ಎಷ್ಟೋ ಮೊದಲು.

ಆಟೋದವನು ಗುರುತು ಹಿಡಿದ. ತಲೆ ಬೆಳ್ಳಗಾಗಿದೆ. ಮನೆಗೆ ಕರೆದು ಚಹಾ ಕೊಟ್ಟ. ಗೋಡೆ ಮೇಲೆ ಹಾರ ಹಾಕಿಕೊಂಡ ಫೋಟೋ, ಗಾಜಿನೊಳಗೆ ಒಂದು ಕಡೆ ತೇವ ಹತ್ತಿದೆ. "ಸರ, ಆ ವಿಡಿಯೋ ಇನ್ನೂ ಐತೇನ್ರಿ? ನಮ್ಮ ಸಣ್ಣಾಕಿ ನೋಡಿಲ್ಲ" ಅಂದ. ಯೂಟ್ಯೂಬಿನಲ್ಲಿ ಹುಡುಕಿದೆ, ಸಿಕ್ಕಿತು. ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಪೂರಾ ನೋಡಿದ. ಮುಗಿಯಿತು. ಅವನು ಇನ್ನೂ ಪರದೆ ನೋಡುತ್ತಲೇ ಇದ್ದ.

"ಆ ಹುಡುಗಿ ಬಸ್ಸ ಕೇಳಿದ್ಲಲ್ರಿ" ಅಂದ. "ನಾನು ಬಾಜೂಕೇ ನಿಂತಿದ್ದೆ. ಅದೆಲ್ಲಿ ಹೋತು?"